ಕಥೆ ಕಟ್ಟಿದವರಿಗೆ ಒಂದು ಪ್ರಶ್ನೆ



ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿ ಎರೆಭೂಮಿಯ ಊರು. ಹತ್ತಿ, ಜೋಳ, ಕಡಲೆ ಬೆಳೆಯುವ ಆ ಬಯಲಿನಲ್ಲಿ ರಾತ್ರಿ ಅಂಗಳದಲ್ಲಿ ಮಲಗಿದರೆ ಕಣ್ಣಿಗೆ ಕಾಣುವುದು ಆಕಾಶವೊಂದೇ. 1990ರ ದಶಕದ ಆರಂಭದಲ್ಲಿ ನಮ್ಮ ಓಣಿಗೆಲ್ಲ ಒಂದೇ ಟಿ.ವಿ. ಅದರ ಮುಂದೆ ಚಾಪೆ ಹಾಸಿ ಕೂತು ನಾವು ದೂರದರ್ಶನದ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮವನ್ನು ನೋಡುತ್ತಿದ್ದೆವು. ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಆದರೂ ನೋಡುತ್ತಿದ್ದುದಕ್ಕೆ ಎರಡು ಕಾರಣ. ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದವರು ನಮ್ಮ ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು. ಇನ್ನೊಂದು, ಅದರಲ್ಲಿ ಪ್ರೊಫೆಸರ್ ಯಶ್ ಪಾಲ್ ಎಂಬ ಹಿರಿಯ ವಿಜ್ಞಾನಿ ನಮ್ಮಂಥ ವೀಕ್ಷಕರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು.

ನನಗೂ ಒಂದು ಪ್ರಶ್ನೆ ಇತ್ತು. ಗಾಳಿಯಿಲ್ಲದ ಕಡೆ ಸದ್ದು ಸಾಗುವುದಿಲ್ಲವೆಂದು ಪಾಠದಲ್ಲಿ ಓದಿದ್ದೆ. ಹಾಗಾದರೆ ಟಿ.ವಿ.ಯ ಆಕಾಶನೌಕೆಗಳು ಹಾದುಹೋಗುವಾಗ ಗುಡುಗಿನಂಥ ಸದ್ದು ಏಕೆ ಬರುತ್ತದೆ? ಒಂದು ಕಾರ್ಡು ತಂದು ಬರೆದೆ. ಅಜ್ಜ ನೋಡಿದರು. "ದೊಡ್ಡ ಮನಶ್ಯಾರಿಗೆ ಹಿಂಗ ಪ್ರಶ್ನಿ ಕೇಳತಾರೇನಪಾ? ಅವರಿಗೆ ಬ್ಯಾರೆ ಕೆಲಸ ಇರೂದಿಲ್ಲೇನು?" ಎಂದರು. ಕಾರ್ಡು ಪಾಟಿಚೀಲದಲ್ಲೇ ಉಳಿಯಿತು.

ಅಜ್ಜನ ಮಾತು ಅವರೊಬ್ಬರದೇ ಆಗಿರಲಿಲ್ಲ. ದೊಡ್ಡವರು ಹೇಳಬೇಕು, ಚಿಕ್ಕವರು ಕೇಳಿಸಿಕೊಳ್ಳಬೇಕು ಎಂಬುದು ನಮ್ಮ ಮನೆಗಳ ನಡಾವಳಿ. ರೇಡಿಯೋ, ಟಿ.ವಿ.ಗಳೂ ಬಹಳ ಕಾಲ ಇದೇ ರೀತಿಯಲ್ಲಿ ನಡೆದವು. ಒಬ್ಬರು ಹೇಳಿದರು, ಲಕ್ಷಾಂತರ ಜನ ಕೇಳಿಸಿಕೊಂಡರು. ಈ ಒಮ್ಮುಖದ ದಾರಿ ಇಮ್ಮುಖವಾದದ್ದು ಹೇಗೆ, ಅದರಲ್ಲಿ ವೈಜ್ಞಾನಿಕ ಕಥೆಗಳನ್ನು ಕಟ್ಟಿದವರ ಪಾತ್ರವೇನು, ಉತ್ತರ ಕೊಡಲು ಕೂತವರು ಏನೇನು ಕಷ್ಟ ಅನುಭವಿಸಿದರು ಎಂಬುದೇ ಈ ಭಾಷಣದ ವಿಷಯ.

ಕೇಳುವ ಪರಂಪರೆ

ಪ್ರಶ್ನೆ ಕೇಳುವುದು ನಮಗೆ ಹೊಸದಲ್ಲ. ಮಹಾಭಾರತದಲ್ಲಿ ಯಕ್ಷನು ಕೇಳುತ್ತಾನೆ, ಧರ್ಮರಾಯನು ಉತ್ತರಿಸುತ್ತಾನೆ. ಶೂನ್ಯಸಂಪಾದನೆ ಇಡಿಯಾಗಿ ನಿಂತಿರುವುದೇ ಶರಣರ ಪ್ರಶ್ನೋತ್ತರದ ಮೇಲೆ. ಆದರೆ ಇಲ್ಲೊಂದು ವ್ಯತ್ಯಾಸವುಂಟು. ಯಕ್ಷನ ಪ್ರಶ್ನೆ ಪರೀಕ್ಷೆಯ ಪ್ರಶ್ನೆ; ಉತ್ತರ ಅವನಿಗೆ ಮೊದಲೇ ಗೊತ್ತು. ನಾವು ಇಲ್ಲಿ ಹೇಳುತ್ತಿರುವುದು ಗೊತ್ತಿಲ್ಲದವನು ಗೊತ್ತಿದ್ದವನಿಗೆ ಕೇಳುವ ಪ್ರಶ್ನೆಯನ್ನು ಕುರಿತು.

ಅಂಥ ಪ್ರಶ್ನೆಗೆ ಕನ್ನಡದ ಪತ್ರಿಕೆಗಳು ಬೇಗನೆ ಬಾಗಿಲು ತೆರೆದವು. 1918ರಲ್ಲಿ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಟಿತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಅದನ್ನು ನಡೆಸಿದರು. ಅದು ಬಾಳಿದ್ದು ಸುಮಾರು ಎರಡು ವರ್ಷ ಮಾತ್ರ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದು ಎಂಬ ಧೈರ್ಯವನ್ನು ಬಿಟ್ಟುಹೋಯಿತು. 1930ರ ದಶಕದಲ್ಲಿ ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನು ಮಕ್ಕಳ ಕೈಗಿಟ್ಟರು. ಮುಂದೆ ಬೀಚಿಯವರು ಓದುಗರು ಕೇಳಿದ ಪ್ರಶ್ನೆಗಳಿಗೆ ನಗೆಮಾತಿನಲ್ಲಿ ಉತ್ತರಿಸಿ ನಾಡಿನ ಮನೆಮಾತಾದರು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಗೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಕಾರ್ಡುಗಳು ಹೋಗುತ್ತಿದ್ದವು. ಹತ್ತಿಗೆ ಹುಳ ಬಿದ್ದರೆ ಏನು ಮಾಡಬೇಕೆಂದು ರೈತ ರೇಡಿಯೋಕ್ಕೆ ಬರೆದು ಕೇಳುವುದು ನಮ್ಮ ಭಾಗದಲ್ಲಿ ಸಾಮಾನ್ಯ ಸಂಗತಿಯಾಗಿತ್ತು.

ಹುಳಕ್ಕೆ ಯಾವ ಔಷಧಿ ಎಂಬ ಪ್ರಶ್ನೆಗೆ ತಜ್ಞರು ಯಾರಾದರೂ ಉತ್ತರಿಸಬಹುದು. 'ಈ ಕಥೆಯನ್ನು ಹೀಗೇಕೆ ಕಟ್ಟಿದಿರಿ?' ಎಂಬ ಪ್ರಶ್ನೆಗೆ ಮಾತ್ರ ಕಟ್ಟಿದವನೇ ಉತ್ತರಿಸಬೇಕು. ನನ್ನ ಕಾರ್ಡಿನ ಪ್ರಶ್ನೆ ಈ ಎರಡನೆಯ ಬಗೆಯದಾಗಿತ್ತು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ವಿಳಾಸ ಅಚ್ಚುಹಾಕಿದ ಪತ್ರಿಕೆ

ವೈಜ್ಞಾನಿಕ ಕಥೆಗೂ ಓದುಗರ ಪತ್ರಕ್ಕೂ ಇರುವ ನಂಟು ಹಳೆಯದು. 1926ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ 'ಅಮೇಜಿಂಗ್ ಸ್ಟೋರೀಸ್' ಎಂಬ ಪತ್ರಿಕೆ ತೆಗೆದ. ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆ ಅದು. ಅದರ ಪತ್ರವಿಭಾಗದಲ್ಲಿ ಬರೆದವರ ಹೆಸರಿನ ಜತೆಗೆ ಪೂರ್ಣ ವಿಳಾಸವನ್ನೂ ಅಚ್ಚುಹಾಕುತ್ತಿದ್ದರು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಇದರಿಂದ ಓದುಗರು ಸಂಪಾದಕನಿಗೆ ಬರೆಯುವುದರ ಜತೆಗೆ ಒಬ್ಬರಿಗೊಬ್ಬರು ಬರೆಯತೊಡಗಿದರು. ಸಂಘಗಳು ಹುಟ್ಟಿದವು, ಕೈಬರಹದ ಮತ್ತು ಕಲ್ಲಚ್ಚಿನಂಥ ಪುಟ್ಟ ಪತ್ರಿಕೆಗಳು ಹೊರಟವು. ಅಂಥ ಪುಟ್ಟ ಪತ್ರಿಕೆಯೊಂದನ್ನು ಹೊರಡಿಸುತ್ತಿದ್ದ ಜೆರಿ ಸೀಗೆಲ್ ಮತ್ತು ಅವನ ಗೆಳೆಯ ಜೋ ಶೂಸ್ಟರ್ 1938ರಲ್ಲಿ 'ಸೂಪರ್‌ಮ್ಯಾನ್'ನನ್ನು ಜಗತ್ತಿಗೆ ಕೊಟ್ಟರು. ಓದುಗನಾಗಿದ್ದವನೇ ಕಥೆಗಾರನಾದ ಉದಾಹರಣೆ ಇದು.

ಟಿ.ವಿ. ಬಂದ ಮೇಲೆ ವೀಕ್ಷಕರ ಪತ್ರಗಳ ಬಲ ಇನ್ನಷ್ಟು ಸ್ಪಷ್ಟವಾಯಿತು. 1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ ಆರಂಭವಾಯಿತು. ಎರಡನೆಯ ವರ್ಷದ ಕೊನೆಗೆ ಅದನ್ನು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಪತ್ರ ಚಳವಳಿ ಹೂಡಿದರು. ಪ್ರಸಾರ ಸಂಸ್ಥೆಗೆ ಒಂದು ಲಕ್ಷಕ್ಕೂ ಮೀರಿ ಪತ್ರಗಳು ಬಂದವು. 1968ರ ಮಾರ್ಚ್ 1ರಂದು ಧಾರಾವಾಹಿ ಮುಂದುವರಿಯುವುದೆಂದು ಸಂಸ್ಥೆಯು ತೆರೆಯ ಮೇಲೆಯೇ ಪ್ರಕಟಿಸಬೇಕಾಯಿತು. ಮತ್ತೊಂದು ವರ್ಷ ನಡೆದು, ಒಟ್ಟು 79 ಕಂತುಗಳಾಗಿ, 1969ರಲ್ಲಿ ಅದು ಮುಗಿಯಿತು. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೂ ಅದು ಪ್ರಸಾರವಾಯಿತು.

ಆದರೆ ಇವೆಲ್ಲ ಮೊರೆ, ಒತ್ತಾಯ, ಮೆಚ್ಚುಗೆಗಳ ಪತ್ರಗಳು. ಕಥೆ ಕಟ್ಟುತ್ತಿರುವವನು ಕಟ್ಟುತ್ತಿರುವಾಗಲೇ ಪ್ರತಿದಿನ ವೀಕ್ಷಕರ ನಡುವೆ ಕೂತು ಮಾತಾಡುವುದು ಇನ್ನೂ ಮುಂದಿನ ಮಾತು.

ಗಣಕಜಾಲದಲ್ಲಿ ಕೂತ ಕಥೆಗಾರ

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಎಂಬ ವಿದ್ಯಾರ್ಥಿಗಳು ಒಂದು ಯೋಜನೆ ಹಾಕಿದರು. ಒಂದು ಗಣಕಯಂತ್ರವು ಇನ್ನೊಂದಕ್ಕೆ ದೂರವಾಣಿ ತಂತಿಯ ಮೂಲಕ ಕರೆ ಮಾಡಿ, ತನ್ನಲ್ಲಿರುವ ಬರಹಗಳನ್ನು ದಾಟಿಸಬೇಕು. ಅದು ಮುಂದಿನದಕ್ಕೆ ದಾಟಿಸಬೇಕು. ಒಬ್ಬ ಬರೆದದ್ದನ್ನು ಊರೂರಿನ ಜನ ಓದಿ ಅಲ್ಲಿಯೇ ಉತ್ತರಿಸಬಹುದು. ಇದಕ್ಕೆ 'ಯೂಸ್‌ನೆಟ್' ಎಂದು ಹೆಸರಾಯಿತು. ಚಂದಾ ಕೊಟ್ಟು ಸೇರುವ ಇಂಥದೇ ಬೇರೆ ಜಾಲಗಳೂ ಬಂದವು; 'ಜೀನಿ' ಅವುಗಳಲ್ಲೊಂದು.

1991ರಲ್ಲಿ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಎಂಬ ಲೇಖಕರು ಈ 'ಜೀನಿ' ಜಾಲದಲ್ಲಿ ತಮ್ಮ ಹೊಸ ಟಿ.ವಿ. ಧಾರಾವಾಹಿಯ ಸುದ್ದಿಯನ್ನು ಬರೆದರು. ಧಾರಾವಾಹಿಯ ಹೆಸರು 'ಬ್ಯಾಬಿಲಾನ್ 5'. ಆಗಿನ್ನೂ ಅದರ ಒಂದು ದೃಶ್ಯವೂ ತೆರೆಗೆ ಬಂದಿರಲಿಲ್ಲ. 1993ರ ಫೆಬ್ರವರಿ 22ರಂದು ಪೂರ್ವಭಾವಿ ಚಿತ್ರವೂ 1994ರ ಜನವರಿ 26ರಿಂದ ಧಾರಾವಾಹಿಯೂ ಪ್ರಸಾರವಾಗಿ, 1998ರ ನವೆಂಬರ್ 25ಕ್ಕೆ ಮುಗಿಯಿತು. ಒಟ್ಟು 110 ಕಂತು; ಅವುಗಳಲ್ಲಿ 92 ಸ್ಟ್ರಾಜಿನ್ಸ್ಕಿ ಅವರೊಬ್ಬರೇ ಬರೆದವು. ಐದು ವರ್ಷಗಳ ಕಥೆಯನ್ನು, ಒಂದು ದೊಡ್ಡ ಕಾದಂಬರಿಯಂತೆ, ಆದಿ ಮಧ್ಯ ಅಂತ್ಯಗಳೊಡನೆ ಮೊದಲೇ ಯೋಚಿಸಿಟ್ಟುಕೊಂಡಿದ್ದು ಅಂದಿನ ಅಮೆರಿಕದ ಟಿ.ವಿ.ಗೆ ಹೊಸತು.

ಕಥೆ ನಡೆಯುವುದು 23ನೆಯ ಶತಮಾನದಲ್ಲಿ, ಸುಮಾರು 8 ಕಿಲೋಮೀಟರ್ ಉದ್ದದ ಒಂದು ಆಕಾಶ ನಿಲ್ದಾಣದಲ್ಲಿ. ಯುದ್ಧದಿಂದ ದಣಿದ ಹಲವು ಲೋಕಗಳ ಜನ ಅಲ್ಲಿ ಕೂತು ಸಂಧಾನ ನಡೆಸಬೇಕು. ಉರುಳೆಯಂಥ ಆ ನಿಲ್ದಾಣ ತನ್ನ ಅಕ್ಷದ ಸುತ್ತ ತಿರುಗುತ್ತದೆ. ನೀರು ತುಂಬಿದ ಬಕೀಟನ್ನು ಜೋರಾಗಿ ತಲೆಯ ಮೇಲಿನಿಂದ ಸುತ್ತಿಸಿದರೆ ನೀರು ಚೆಲ್ಲುವುದಿಲ್ಲವಷ್ಟೆ? ಹಾಗೆಯೇ ತಿರುಗುವ ಉರುಳೆಯ ಒಳಮೈಯಲ್ಲಿ ನಿಂತವರಿಗೆ ಕಾಲು ನೆಲಕ್ಕೆ ಒತ್ತಿದ ಅನುಭವವಾಗುತ್ತದೆ, ತೂಕ ಬಂದಂತಾಗುತ್ತದೆ. ಅದರ ಯುದ್ಧನೌಕೆಗಳೂ ವಿಮಾನದಂತೆ ವಾಲಿ ತಿರುಗುವುದಿಲ್ಲ. ಗಾಳಿಯಿಲ್ಲದಲ್ಲಿ ರೆಕ್ಕೆಗೆ ಕೆಲಸವೇನು? ನೌಕೆ ಮುಂದಕ್ಕೆ ಸಾಗುತ್ತಲೇ ಮೋರೆಯನ್ನು ಹಿಂದಕ್ಕೆ ಹೊರಳಿಸಬಲ್ಲದು. ಇದು ನೀವು ಓದುವ ನ್ಯೂಟನ್ನನ ಮೊದಲನೆಯ ನಿಯಮವೇ. ಇಂಥ ದೃಶ್ಯಗಳನ್ನು ಆಟಿಕೆ ಮಾದರಿಗಳಿಂದ ತೆಗೆಯದೆ ಗಣಕಯಂತ್ರದಿಂದಲೇ ರೂಪಿಸಿದ ಮೊದಲ ಟಿ.ವಿ. ಧಾರಾವಾಹಿಗಳಲ್ಲಿ ಇದೂ ಒಂದು.

ಇವೆಲ್ಲದರ ಬಗ್ಗೆ ವೀಕ್ಷಕರು ಕೇಳಿದರು. ನೌಕೆ ಹೀಗೇಕೆ ತಿರುಗಿತು? ಆ ಪಾತ್ರ ಆ ಮಾತನ್ನು ಏಕೆ ಆಡಿತು? ದೇವರನ್ನು ನಂಬದ ನೀವು ಸಂನ್ಯಾಸಿಗಳ ಕಥೆಯನ್ನು ಅಷ್ಟು ಗೌರವದಿಂದ ಹೇಗೆ ಬರೆದಿರಿ? ಸ್ಟ್ರಾಜಿನ್ಸ್ಕಿ ಕಂತುಗಳನ್ನು ಬರೆಯುತ್ತ, ಚಿತ್ರೀಕರಣ ನೋಡಿಕೊಳ್ಳುತ್ತ, ಬಿಡುವಿನಲ್ಲಿ ಉತ್ತರಿಸಿದರು. ಹೀಗೆ ಬರೆದ ಟಿಪ್ಪಣಿಗಳು ಸಾವಿರಗಟ್ಟಲೆ. ಹಣ ಎಲ್ಲಿ ಸಾಲಲಿಲ್ಲ, ಯಾವ ಕಂತು ತಮಗೇ ತೃಪ್ತಿ ಕೊಡಲಿಲ್ಲ ಎಂಬುದನ್ನೂ ಹೇಳಿದರು. ಟಿ.ವಿ. ಕಾರ್ಯಕ್ರಮವೊಂದು ಹೇಗೆ ತಯಾರಾಗುತ್ತದೆ ಎಂಬುದನ್ನು ಸಾಮಾನ್ಯ ವೀಕ್ಷಕನಿಗೆ ತಿಳಿಸಬೇಕು, ಆಗ ಅವನು ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸಬಲ್ಲ ಎಂಬುದು ಅವರ ನಿಲುವಾಗಿತ್ತು. ಧಾರಾವಾಹಿಯ ಕಂತುಗಳಿಗೆ 1996 ಮತ್ತು 1997ರಲ್ಲಿ ಹ್ಯೂಗೋ ಪ್ರಶಸ್ತಿ ಬಂದಿತು. ಆ ಪ್ರಶಸ್ತಿಯನ್ನು ಕೊಡುವವರು ಅಭಿಮಾನಿಗಳೇ. ಅದರ ಹೆಸರು ವಿಳಾಸ ಅಚ್ಚುಹಾಕಿದ ಅದೇ ಗರ್ನ್ಸ್‌ಬ್ಯಾಕ್‌ನದು.

ಮೂರು ಕಷ್ಟಗಳು

ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಮೂರು ಕಷ್ಟಗಳು ಬಂದವು. ಈ ಮೂರನ್ನೂ ವಿದ್ಯಾರ್ಥಿಗಳು ತಿಳಿಯಬೇಕು.

ಮೊದಲನೆಯದು ಕಾನೂನಿನದು. ಅಭಿಮಾನಿಯೊಬ್ಬ ಉತ್ಸಾಹದಿಂದ, 'ಹೀಗೊಂದು ಕಥೆ ಮಾಡಬಹುದಲ್ಲ' ಎಂದು ಬರೆಯುತ್ತಾನೆ. ಲೇಖಕ ಅದೇ ಕಥೆಯನ್ನು ತಾನಾಗಿಯೇ ಮೊದಲೇ ಯೋಚಿಸಿರಬಹುದು. ಮುಂದೆ ಅದು ತೆರೆಗೆ ಬಂದರೆ, ಕದ್ದಿದ್ದಾನೆಂಬ ಆರೋಪ ಬರುತ್ತದೆ; ಇಲ್ಲವೆಂದು ಸಾಬೀತುಮಾಡುವುದು ಕಷ್ಟ. ಆದ್ದರಿಂದ ತಮ್ಮ ಕಣ್ಣಿಗೆ ಬೀಳುವ ಕಡೆ ಕಥೆಯ ಕಲ್ಪನೆಗಳನ್ನು ಬರೆಯಲೇಬೇಡಿ ಎಂದು ಸ್ಟ್ರಾಜಿನ್ಸ್ಕಿ ಪದೇ ಪದೇ ಕೇಳಿಕೊಂಡರು. ಆದರೂ ಒಮ್ಮೆ ಹಾಗಾಗಿಯೇ ಬಿಟ್ಟಿತು. ಆ ಕಥಾಲೋಕದಲ್ಲಿ ಕೊಲೆಗಾರನನ್ನು ಗಲ್ಲಿಗೇರಿಸುವ ಬದಲು ಅವನ ನೆನಪನ್ನೆಲ್ಲ ಅಳಿಸಿ, ಸೇವೆಯ ಬಾಳಿಗೆ ಹಚ್ಚುತ್ತಾರೆ. ಅಂಥವನಿಗೆ ತಾನು ಯಾರಾಗಿದ್ದೆ ಎಂಬುದು ತಿಳಿದುಬಂದರೆ? ಇದನ್ನು ಹೋಲುವ ಕಲ್ಪನೆಯನ್ನು ವೀಕ್ಷಕರೊಬ್ಬರು ಬರೆದರು. ಲೇಖಕರು ತಮ್ಮ ಕಥೆಯನ್ನು ಬದಿಗಿಡಬೇಕಾಯಿತು. ಆ ವೀಕ್ಷಕರು, ತಮ್ಮ ಹಕ್ಕು ಏನೂ ಇಲ್ಲವೆಂದು ಕಾನೂನುಬದ್ಧವಾಗಿ ಬರೆದುಕೊಟ್ಟ ಮೇಲೆಯೇ ಅದು ಮತ್ತೆ ಕೈಗೆ ಬಂದದ್ದು. 1995ರ ನವೆಂಬರ್‌ನಲ್ಲಿ ಪ್ರಸಾರವಾದ ಆ ಕಂತು ಕ್ಷಮೆಯನ್ನು ಕುರಿತದ್ದು. ಇಡೀ ಧಾರಾವಾಹಿಯ ಉತ್ತಮ ಕಂತುಗಳಲ್ಲೊಂದೆಂದು ಹೆಸರಾಯಿತು. ತಿಳಿಯದೆ ತಪ್ಪು ಮಾಡಿದ ವೀಕ್ಷಕರೇ ಅದನ್ನು ತಿದ್ದಿದರು ಎಂಬುದನ್ನೂ ಗಮನಿಸಬೇಕು.

ಎರಡನೆಯ ಕಷ್ಟ ನಾಲಗೆಯದು. ಮುಖ ಕಾಣದ ಕಡೆ ಮಾತಿಗೆ ಲಗಾಮಿರುವುದಿಲ್ಲ. ಪ್ರಶ್ನೆಗಳ ಜತೆ ಬೈಗುಳವೂ ಬಂತು. ಕೆಲವರು ಕೆಣಕುವುದನ್ನೇ ಕಸುಬು ಮಾಡಿಕೊಂಡರು. ಕೊನೆಗೆ 1996ರಲ್ಲಿ ಯೂಸ್‌ನೆಟ್‌ನಲ್ಲಿ, ಬಂದ ಬರಹವನ್ನು ಒಬ್ಬರು ಓದಿ ನೋಡಿ ಒಳಬಿಡುವಂಥ ಬೇರೆ ಕೂಟವನ್ನೇ ಏರ್ಪಡಿಸಬೇಕಾಯಿತು. ಕಟ್ಟೆಯ ಮೇಲೆ ಹರಟೆ ಕೂರುವಾಗಲೂ ಒಬ್ಬ ಹಿರಿಯ ಇದ್ದರೆ ಮಾತು ಹದ್ದುಮೀರುವುದಿಲ್ಲವಷ್ಟೆ. ಅಂಥದೇ ವ್ಯವಸ್ಥೆ ಅದು.

ಮೂರನೆಯ ಕಷ್ಟ ಎಲ್ಲಕ್ಕಿಂತ ದೊಡ್ಡದು. ಮೊದಲ ವರ್ಷದಲ್ಲಿ ನಿಲ್ದಾಣದ ಅಧಿಪತಿಯ ಪಾತ್ರ ಮಾಡಿದವರು ಮೈಕಲ್ ಓ'ಹೇರ್. ಎರಡನೆಯ ವರ್ಷ ಅವರು ಇರಲಿಲ್ಲ. ಬೇರೊಬ್ಬ ನಟ, ಬೇರೊಂದು ಪಾತ್ರವಾಗಿ, ಆ ಸ್ಥಾನಕ್ಕೆ ಬಂದರು. ಏಕೆ ಹೋದರು? ಜಗಳವೇ? ತೆಗೆದುಹಾಕಿದರೇ? ವೀಕ್ಷಕರು ವರ್ಷಗಟ್ಟಲೆ ಕೇಳಿದರು, ಊಹಾಪೋಹ ಹಬ್ಬಿತು. ಎಲ್ಲಕ್ಕೂ ಉತ್ತರಿಸುತ್ತಿದ್ದ ಸ್ಟ್ರಾಜಿನ್ಸ್ಕಿ ಇದಕ್ಕೆ ಮಾತ್ರ, ಕಥೆಯ ಅಗತ್ಯ, ಇಬ್ಬರೂ ಒಪ್ಪಿ ಮಾಡಿದ್ದು ಎಂದಷ್ಟೇ ಹೇಳಿದರು.

ನಿಜ ಸಂಗತಿ ತಿಳಿದದ್ದು 2013ರಲ್ಲಿ. ಓ'ಹೇರ್ 2012ರ ಸೆಪ್ಟೆಂಬರ್ 28ರಂದು ತೀರಿಕೊಂಡಿದ್ದರು. ಮೊದಲ ವರ್ಷದ ಚಿತ್ರೀಕರಣದ ವೇಳೆಗೇ ಅವರಿಗೆ ತೀವ್ರ ಮಾನಸಿಕ ಕಾಯಿಲೆ ಆರಂಭವಾಗಿತ್ತು. ಇಲ್ಲದ ಭಯಗಳು, ಭ್ರಮೆಗಳು ಅವರನ್ನು ಕಾಡುತ್ತಿದ್ದವು. ಚಿಕಿತ್ಸೆಗಾಗಿ ಚಿತ್ರೀಕರಣವನ್ನೇ ಕೆಲವು ತಿಂಗಳು ನಿಲ್ಲಿಸುತ್ತೇನೆಂದು ಸ್ಟ್ರಾಜಿನ್ಸ್ಕಿ ಹೇಳಿದರು. ಹಾಗೆ ಮಾಡಿದರೆ ನೂರಾರು ಜನರ ಕೆಲಸ ಹೋದೀತು ಎಂದು ಓ'ಹೇರ್ ಒಪ್ಪಲಿಲ್ಲ; ಕಷ್ಟಪಟ್ಟು ಆ ವರ್ಷವನ್ನು ಮುಗಿಸಿದರು. ಚಿಕಿತ್ಸೆ ಪಡೆದು ಚೇತರಿಸಿಕೊಂಡ ಮೇಲೆ 1996ರಲ್ಲಿ ಎರಡು ಕಂತುಗಳಿಗೆ ಮರಳಿ ಬಂದು ತಮ್ಮ ಪಾತ್ರದ ಕಥೆಯನ್ನು ಪೂರ್ಣಗೊಳಿಸಿದರು. ಈ ಗುಟ್ಟನ್ನು ನಾನು ಸಾಯುವತನಕ ಕಾಯುತ್ತೇನೆ ಎಂದು ಸ್ಟ್ರಾಜಿನ್ಸ್ಕಿ ಮಾತು ಕೊಟ್ಟಾಗ ಓ'ಹೇರ್ ಅದನ್ನು ತಿದ್ದಿದರು: ನಿಮ್ಮ ಸಾವಿನತನಕ ಬೇಡ, ನನ್ನ ಸಾವಿನತನಕ ಸಾಕು, ಆಮೇಲೆ ಜನಕ್ಕೆ ತಿಳಿಸಿ, ನನ್ನ ಹಾಗೆ ನರಳುವ ಯಾರಿಗಾದರೂ ಅದರಿಂದ ಉಪಯೋಗವಾದೀತು ಎಂಬುದು ಅವರ ಇಚ್ಛೆಯಾಗಿತ್ತು. ಆ ಮಾತು ಸುಮಾರು ಎರಡು ದಶಕ ನಡೆಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೇಳುವುದು ವೀಕ್ಷಕನ ಹಕ್ಕು ಎಂದೆವು. ಹಾಗೆಂದು ಪ್ರತಿಯೊಂದು ಪ್ರಶ್ನೆಗೂ ಉತ್ತರ ಪಡೆಯುವುದು ಹಕ್ಕೇ? ಕಥೆ ಲೇಖಕನದು, ಅದರ ಬಗ್ಗೆ ಅವನು ಹೇಳಬಹುದು. ಇನ್ನೊಬ್ಬ ಮನುಷ್ಯನ ನೋವು ಅವನದಲ್ಲ. ತಾನೇ ಬೈಗುಳ ತಿಂದರೂ ಇನ್ನೊಬ್ಬರ ಗುಟ್ಟನ್ನು ಬಿಟ್ಟುಕೊಡದ ಆ ಮೌನವೂ ಉತ್ತರದ ಒಂದು ಬಗೆಯೆಂದು ನನಗೆ ತೋರುತ್ತದೆ.

ನಮ್ಮ ದೇಶದ ಕಾರ್ಡು

ಸ್ಟ್ರಾಜಿನ್ಸ್ಕಿ ಮೊದಲ ಟಿಪ್ಪಣಿ ಬರೆದ 1991ರಲ್ಲಿ ಶಿರಗುಪ್ಪಿಯ ಹುಡುಗನಿಗೆ ಗಣಕಜಾಲವೆಂದರೆ ಏನೆಂದು ಗೊತ್ತಿರುವುದು ಸಾಧ್ಯವಿರಲಿಲ್ಲ. ಭಾರತದಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಿಂದ. ಆದರೆ ನಮ್ಮಲ್ಲಿ ಇನ್ನೊಂದು ಜಾಲವಿತ್ತು. ಅದು ಹಳ್ಳಿಹಳ್ಳಿಗೂ ತಲುಪುತ್ತಿತ್ತು, 15 ಪೈಸೆಗೆ ಕೆಲಸ ಮಾಡುತ್ತಿತ್ತು. ಅದು ಅಂಚೆ ಕಾರ್ಡು.

ಅದರ ಶಕ್ತಿ ಕಂಡದ್ದು 'ಸುರಭಿ' ಕಾರ್ಯಕ್ರಮದಲ್ಲಿ. 1990ರಿಂದ 2001ರವರೆಗೆ ದೂರದರ್ಶನದಲ್ಲಿ ನಡೆದ ಆ ಕಾರ್ಯಕ್ರಮ ಪ್ರತಿವಾರ ಪ್ರಶ್ನೆ ಕೇಳುತ್ತಿತ್ತು, ವೀಕ್ಷಕರು ಉತ್ತರ ಬರೆಯುತ್ತಿದ್ದರು. 1993ರಲ್ಲಿ ಒಂದೇ ವಾರದಲ್ಲಿ ಹತ್ತು ಲಕ್ಷಕ್ಕೂ ಮೀರಿ ಪತ್ರಗಳು ಬಂದವು. ಈ ಭಾರ ತಾಳದೆ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ 2 ರೂಪಾಯಿಯ ಬೇರೆ ಕಾರ್ಡನ್ನು ಹೊರತಂದಿತು. ಅಲ್ಲಿ ಕೇಳುವವರು ಟಿ.ವಿ.ಯವರು. 'ಟರ್ನಿಂಗ್ ಪಾಯಿಂಟ್'ನಲ್ಲಿ ಕೇಳುವವರು ನಾವು.

ಆ ಕಾರ್ಯಕ್ರಮದ ಇಬ್ಬರ ಬಗ್ಗೆ ಒಂದೆರಡು ಮಾತು ಹೇಳಬೇಕು. ಕಾರ್ನಾಡರನ್ನು ನಾವು ನಾಟಕಕಾರರೆಂದು ಬಲ್ಲೆವು. ಆದರೆ ಅವರು 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಿಂದ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಯಶ್ ಪಾಲರು ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದ ಭೌತವಿಜ್ಞಾನಿ. ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದ ಮೊದಲ ನಿರ್ದೇಶಕರು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ 'ಸೈಟ್' ಪ್ರಯೋಗ ನಡೆದದ್ದು ಅವರ ನೇತೃತ್ವದಲ್ಲಿ. ಆ ಹಳ್ಳಿಗಳಲ್ಲಿ ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳವೂ ಇದ್ದವು. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು. ಎಂದರೆ ಉತ್ತರ ಕರ್ನಾಟಕದ ಹಳ್ಳಿಗರು ರಾಜಧಾನಿಗಿಂತ ಆರು ವರ್ಷ ಮೊದಲೇ ಟಿ.ವಿ. ಕಂಡಿದ್ದರು. ಇನ್ನೊಂದು ಸ್ವಾರಸ್ಯ: ಭೂಮಿಯ ಒಂದೇ ಸ್ಥಳದ ಮೇಲೆ ನಿಂತಂತೆ ಸುತ್ತುವ ಉಪಗ್ರಹದಿಂದ ಪ್ರಸಾರ ಮಾಡಬಹುದೆಂದು 1945ರಲ್ಲಿ ವಿವರಿಸಿ ಬರೆದವರು ಆರ್ಥರ್ ಸಿ. ಕ್ಲಾರ್ಕ್ ಎಂಬ ವೈಜ್ಞಾನಿಕ ಕಥೆಗಾರರು. ಕಥೆಗಾರನ ಲೆಕ್ಕ ಮೂವತ್ತು ವರ್ಷಗಳಲ್ಲಿ ರಾಯಚೂರಿನ ಹಳ್ಳಿಗೆ ಬಂದು ಮುಟ್ಟಿತು.

ಕಥೆ ಬರೆಯುವುದು, ಟಿ.ವಿ.ಗೆ ಕಾರ್ಯಕ್ರಮ ಮಾಡುವುದು, ಪ್ರಶ್ನೆಗೆ ಉತ್ತರಿಸುವುದು, ಈ ಮೂರನ್ನೂ ಒಬ್ಬರೇ ಮಾಡಿದವರೆಂದರೆ ನಮ್ಮ ನೆರೆಯ ಕೊಲ್ಲಾಪುರದಲ್ಲಿ 1938ರ ಜುಲೈ 19ರಂದು ಹುಟ್ಟಿದ ಖಗೋಲ ವಿಜ್ಞಾನಿ ಜಯಂತ ವಿಷ್ಣು ನಾರಳೀಕರ್. ಕೇಂಬ್ರಿಜ್‌ನಲ್ಲಿ ಅವರ ಗುರು ಫ್ರೆಡ್ ಹಾಯ್ಲ್. ಆ ಹಾಯ್ಲ್ ಕೂಡ ವೈಜ್ಞಾನಿಕ ಕಾದಂಬರಿಕಾರರು, 1961ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ 'ಎ ಫಾರ್ ಆಂಡ್ರೊಮಿಡಾ' ಎಂಬ ಟಿ.ವಿ. ಧಾರಾವಾಹಿಯನ್ನು ಇನ್ನೊಬ್ಬರೊಡನೆ ಸೇರಿ ಕಟ್ಟಿದವರು. ಗುರುವಿನ ಹವ್ಯಾಸ ಶಿಷ್ಯನಿಗೂ ಬಂತು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಏರ್ಪಡಿಸಿದ ಕಥಾಸ್ಪರ್ಧೆಗೆ ನಾರಳೀಕರರು ಕಪ್ಪುರಂಧ್ರವನ್ನು ಕುರಿತ ಕಥೆಯೊಂದನ್ನು ಕಳಿಸಿದರು. ಹೆಸರಾಂತ ವಿಜ್ಞಾನಿಯೆಂದು ತೀರ್ಪುಗಾರರು ಮೆಚ್ಚಬಾರದೆಂದು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗು ಮಾಡಿ 'ನಾರಾಯಣ ವಿನಾಯಕ ಜಗತಾಪ' ಎಂಬ ಹೆಸರಿಟ್ಟುಕೊಂಡರು. ಕೈಬರಹ ಗುರುತು ಹತ್ತಬಾರದೆಂದು ಪ್ರತಿಯನ್ನು ಪತ್ನಿಯಿಂದ ಬರೆಸಿದರು. ಮೊದಲ ಬಹುಮಾನ ಜಗತಾಪನಿಗೇ ಬಂತು!

1990ರ ದಶಕದಲ್ಲಿ ಅವರು ದೂರದರ್ಶನಕ್ಕಾಗಿ 'ಬ್ರಹ್ಮಾಂಡ' ಎಂಬ ಸರಣಿಯನ್ನು ಮಾಡಿದರು. ಎಲ್ಲಿ ಭಾಷಣಕ್ಕೆ ಹೋದರೂ ಮಕ್ಕಳು ಹಸ್ತಾಕ್ಷರಕ್ಕೆ ಮುತ್ತುತ್ತಿದ್ದರು. ನಾರಳೀಕರರು ಅಲ್ಲಿ ಸಹಿ ಹಾಕುತ್ತಿರಲಿಲ್ಲ. ಒಂದು ಕಾರ್ಡಿನಲ್ಲಿ ವಿಜ್ಞಾನದ ಪ್ರಶ್ನೆಯೊಂದನ್ನು ಬರೆದು ಕಳಿಸು, ಉತ್ತರ ಬರೆದು ಕೆಳಗೆ ಸಹಿ ಹಾಕುತ್ತೇನೆ ಎನ್ನುತ್ತಿದ್ದರು. ಹಾಗೆಯೇ ಮಾಡುತ್ತಿದ್ದರು. ಸಹಿ ಬೇಕಾದರೆ ಯೋಚಿಸಬೇಕು. ಯೋಚಿಸಿದರೆ ಪ್ರಶ್ನೆ ಹುಟ್ಟುತ್ತದೆ. 2025ರ ಮೇ 20ರಂದು ಪುಣೆಯಲ್ಲಿ ಅವರು ತೀರಿಕೊಂಡಾಗ ಜನ ನೆನೆದ ಸಂಗತಿಗಳಲ್ಲಿ ಈ ಕಾರ್ಡುಗಳೂ ಸೇರಿದ್ದವು.

1995ರ ಅಕ್ಟೋಬರ್ 24ರ ಪೂರ್ಣ ಸೂರ್ಯಗ್ರಹಣದ ಬೆಳಗ್ಗೆ ಯಶ್ ಪಾಲರು ದೂರದರ್ಶನದಲ್ಲಿ ಕೂತು ನೇರಪ್ರಸಾರದ ವಿವರಣೆ ಕೊಟ್ಟರು. ಗ್ರಹಣವೆಂದು ಬಾಗಿಲು ಹಾಕಿಕೊಂಡಿದ್ದ ಎಷ್ಟೋ ಮನೆಗಳಲ್ಲಿ ಟಿ.ವಿ. ಮಾತ್ರ ತೆರೆದಿತ್ತು. 2017ರ ಜುಲೈ 24ರಂದು ಯಶ್ ಪಾಲರೂ, 2019ರ ಜೂನ್ 10ರಂದು ಕಾರ್ನಾಡರೂ ನಮ್ಮನ್ನು ಅಗಲಿದರು.

ಕೇಳುವವನ ಹೊಣೆ

ಇಂದು ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಕಥೆಗಾರನಿಗಾಗಲಿ ವಿಜ್ಞಾನಿಗಾಗಲಿ ಕ್ಷಣಮಾತ್ರದಲ್ಲಿ ಬರೆಯಬಹುದು. ಕೇಳುವ ದಾರಿ ಸುಲಭವಾಗಿದೆ; ಚೆನ್ನಾಗಿ ಕೇಳುವುದು ಸುಲಭವಾಗಿಲ್ಲ. ಕಾರ್ಡಿನಲ್ಲಿ ಸ್ಥಳ ಕಡಿಮೆ. ಬರೆಯುವ ಮೊದಲು ಪ್ರಶ್ನೆಯನ್ನು ಮನಸ್ಸಿನಲ್ಲಿ ನಾಲ್ಕು ಸಲ ತಿರುವಿ ಹಾಕಬೇಕಿತ್ತು, ಉತ್ತರಕ್ಕೆ ಎರಡು ವಾರ ಕಾಯಬೇಕಿತ್ತು. ಅಷ್ಟರಲ್ಲಿ ಅರ್ಧ ಉತ್ತರ ನಮಗೇ ಹೊಳೆದಿರುತ್ತಿತ್ತು. ಮೊಬೈಲಿನಲ್ಲಿ ಬರೆಯುವಾಗಲೂ ಈ ಅಭ್ಯಾಸವನ್ನು ಇಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪುಸ್ತಕದಲ್ಲಿ ಸಿಗುವ ಉತ್ತರವನ್ನು ಪುಸ್ತಕದಲ್ಲಿ ನೋಡಿಕೊಳ್ಳಿ. ಮಾಡಿದವರಿಗೆ ಮಾತ್ರ ಗೊತ್ತಿರುವುದನ್ನು ಮಾಡಿದವರಿಗೆ ಕೇಳಿ. ಮೂರನೆಯವರ ನೋವಿನ ಬಗ್ಗೆ ಕೇಳಬೇಕೆನ್ನಿಸಿದರೆ ತಡೆಯಿರಿ.

ನನ್ನ ಕಾರ್ಡಿನ ಪ್ರಶ್ನೆಗೆ ಉತ್ತರವೇನು? ಶೂನ್ಯದಲ್ಲಿ ಸದ್ದು ಸಾಗುವುದಿಲ್ಲ ಎಂಬುದು ನಿಜವೇ. 1968ರಲ್ಲಿ ಕ್ಲಾರ್ಕ್ ಮತ್ತು ನಿರ್ದೇಶಕ ಸ್ಟ್ಯಾನ್ಲಿ ಕೂಬ್ರಿಕ್ ಸೇರಿ ಮಾಡಿದ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ನೌಕೆಯ ಹೊರಗಿನ ಆಕಾಶವನ್ನು ಮೌನವಾಗಿಯೇ ಬಿಟ್ಟರು; ಯಂತ್ರದ ಸದ್ದಿಲ್ಲ, ಸಂಗೀತ ಇಲ್ಲವೆ ಉಸಿರಾಟದ ಸದ್ದು ಮಾತ್ರ. ಉಳಿದ ಬಹುಪಾಲು ಕಥೆಗಾರರು, ತಿಳಿದೂ, ನೋಡುವವರ ಮೈ ನವಿರೇಳಲೆಂದು ಸದ್ದನ್ನು ಸೇರಿಸಿದರು. ಎಂದರೆ ನನ್ನ ಪಠ್ಯಪುಸ್ತಕ ತಪ್ಪಿರಲಿಲ್ಲ, ನನ್ನ ಕಿವಿಯೂ ತಪ್ಪಿರಲಿಲ್ಲ. ಕಟ್ಟಿದವರು ಒಂದನ್ನು ಆರಿಸಿಕೊಂಡಿದ್ದರು. ಇದನ್ನು ತಿಳಿಯಲು ನನಗೆ ಹತ್ತಾರು ವರ್ಷ ಹಿಡಿಯಿತು. ಕಾರ್ಡು ಹಾಕಿದ್ದರೆ ಬಹುಶಃ ಹದಿನೈದು ದಿನ ಸಾಕಾಗುತ್ತಿತ್ತು.

ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಅವರು ಬೆಳೆದ ಕಾಲದಲ್ಲಿ ದೊಡ್ಡ ಮನುಷ್ಯರು ಉತ್ತರ ಬರೆಯುತ್ತಿರಲಿಲ್ಲ. ಬರೆಯುವಂಥವರು ಬಂದಿದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಅಂಚೆ ಕಾರ್ಡು ಇಂದಿಗೂ 50 ಪೈಸೆಗೆ ಸಿಗುತ್ತದೆ. ನಿಮ್ಮಲ್ಲೊಂದು ಪ್ರಶ್ನೆಯಿದ್ದರೆ, ಬರೆದ ಮೇಲೆ ಪಾಟಿಚೀಲದಲ್ಲಿ ಇಟ್ಟುಕೊಳ್ಳಬೇಡಿ; ಡಬ್ಬಿಗೆ ಹಾಕಿಬಿಡಿ.